ಸ್ವನಿರ್ಮಿತ ಆಯುಧ ಮಾದರಿ (ವಿಡಿಯೊ ಗೇಮ್)

ಸ್ವನಿರ್ಮಿತ ಆಯುಧ ಮಾದರಿ ಎಂಬುದು ಈಗಾಗಲೇ ಬಿಡುಗಡೆಯಾಗಿರುವ ವಿಡಿಯೊ ಗೇಮ್ ಒಂದಕ್ಕೆ ಅದರ ಆಟಗಾರರೇ ಹೊಸದಾಗಿ ರಚಿಸಿ ಸೇರಿಸುವ ಮೂರು ಆಯಾಮದ ಆಯುಧರೂಪವಾಗಿದೆ. ಇಂತಹ ಸೇರ್ಪಡೆಗಳನ್ನು ಸಾಮಾನ್ಯವಾಗಿ 'ಮಾಡ್' ಎಂದೂ ಅವುಗಳನ್ನು ರಚಿಸುವವರನ್ನು 'ಮಾಡರ್' ಎಂದೂ ಕರೆಯಲಾಗುತ್ತದೆ. ಕತ್ತಿ, ಬಿಲ್ಲು, ಮಂತ್ರದಂಡಗಳಿಂದ ಕೂಡಿದ ಅದ್ಭುತರಮ್ಯ (ಫ್ಯಾಂಟಸಿ) ಆಟಗಳಿಗೆ ಬೆಳಕಿನ ಕತ್ತಿ, ಕಿರಣಬಂದೂಕು ಮುಂತಾದ ವೈಜ್ಞಾನಿಕ ಕಲ್ಪನೆಯ ಆಯುಧಗಳನ್ನು ತರುವುದು ಈ ಹವ್ಯಾಸದ ಜನಪ್ರಿಯ ಕವಲುಗಳಲ್ಲಿ ಒಂದು.

ಇಂತಹ ಆಯುಧವೊಂದು ಮೂರು ಸಂಗತಿಗಳ ಕೂಡಿಕೆ: ಆಕಾರ, ಮೇಲ್ಮೈ ಮತ್ತು ನಡವಳಿಕೆ. ಮೊದಲೆರಡು ರಚನಕಾರನ ಸ್ವಂತ ಸೃಷ್ಟಿ. ಮೂರನೆಯದನ್ನು, ಅಂದರೆ ಆಯುಧವನ್ನು ಹಿಡಿಯುವ, ಬೀಸುವ, ಹಾರಿಸುವ ಕ್ರಮವನ್ನು, ಮೂಲ ಆಟದಿಂದ ಎರವಲು ಪಡೆಯಬೇಕಾಗುತ್ತದೆ. ಈ ಕಲೆಯ ತಾಂತ್ರಿಕ ತೊಡಕುಗಳಿಗೂ ಅದರ ಒಡೆತನದ ಪ್ರಶ್ನೆಗಳಿಗೂ ಈ ಎರವಲೇ ಮೂಲವಾಗಿದೆ.

ಹಿನ್ನೆಲೆ

1993ರ ಡಿಸೆಂಬರ್‌ನಲ್ಲಿ ಇಡ್ ಸಾಫ್ಟ್‌ವೇರ್ ಸಂಸ್ಥೆಯು ಬಿಡುಗಡೆ ಮಾಡಿದ 'ಡೂಮ್' ಆಟದಲ್ಲಿ ಚಿತ್ರ, ಧ್ವನಿ ಹಾಗೂ ನಕ್ಷೆಗಳನ್ನು ಮುಖ್ಯ ತಂತ್ರಾಂಶದಿಂದ ಬೇರ್ಪಡಿಸಿ 'ವ್ಯಾಡ್' ಎಂಬ ಕಡತದಲ್ಲಿ ಇರಿಸಲಾಗಿತ್ತು. ಇದರಿಂದ ತಂತ್ರಾಂಶವನ್ನು ಮುಟ್ಟದೆಯೇ ಆಟದ ನೋಟವನ್ನು ಬದಲಿಸುವುದು ಸಾಧ್ಯವಾಯಿತು. ಮರುವರ್ಷ, 1994ರಲ್ಲಿ, ಅದೇ ಆಟದ ಎಂಜಿನ್ನಿನ ಮಾರ್ಪಡಿಸಿದ ರೂಪವನ್ನು ಬಳಸಿ ರೇವನ್ ಸಾಫ್ಟ್‌ವೇರ್ ಸಂಸ್ಥೆಯು 'ಹೆರೆಟಿಕ್' ಎಂಬ ಅದ್ಭುತರಮ್ಯ ಆಟವನ್ನು ರೂಪಿಸಿತು. ಬಂದೂಕುಗಳಿದ್ದ ಸ್ಥಾನಕ್ಕೆ ಅದರಲ್ಲಿ ಮಂತ್ರದಂಡ, ಅಡ್ಡಬಿಲ್ಲುಗಳು ಬಂದವು. ಅದ್ಭುತರಮ್ಯ ಆಟಕ್ಕೆ ಕಿರಣಬಂದೂಕನ್ನು ತರುವ ಮಾಡರ್ ಇದೇ ದಾರಿಯನ್ನು ಹಿಮ್ಮುಖವಾಗಿ ನಡೆಯುತ್ತಾನೆ.

2002ರಲ್ಲಿ ಬೆಥೆಸ್ಡ ಸಂಸ್ಥೆಯು 'ಮಾರೋವಿಂಡ್' ಆಟದ ಜೊತೆಗೆ ಅದನ್ನು ತಿದ್ದುವ ಸಲಕರಣೆಯನ್ನೂ ಆಟಗಾರರಿಗೆ ನೀಡಿತು. ಅದೇ ಸರಣಿಯ 'ಸ್ಕೈರಿಮ್' 2011ರ ನವೆಂಬರ್ 11ರಂದು ಪ್ರಕಟವಾಯಿತು. 2012ರ ಫೆಬ್ರವರಿಯಲ್ಲಿ ಅದರ 'ಕ್ರಿಯೇಷನ್ ಕಿಟ್' ಉಚಿತವಾಗಿ ದೊರೆಯಿತು. ಇದರ ಬಲದಿಂದ ಸ್ಕೈರಿಮ್ ಮಾಡ್ ರಚನೆಯ ಅತ್ಯಂತ ವಿಸ್ತಾರವಾದ ಕ್ಷೇತ್ರಗಳಲ್ಲಿ ಒಂದಾಯಿತು.

ಮಾದರಿ ರಚನೆಯ ಸಲಕರಣೆಗಳೂ ಇದೇ ಅವಧಿಯಲ್ಲಿ ಜನಸಾಮಾನ್ಯರ ಕೈಗೆ ಬಂದವು. ಹಾಲೆಂಡಿನ ಟಾನ್ ರೂಸೆಂಡಾಲ್ ಅವರು ಆರಂಭಿಸಿದ 'ಬ್ಲೆಂಡರ್' ತಂತ್ರಾಂಶದ ಸಂಸ್ಥೆ 2002ರಲ್ಲಿ ಮುಚ್ಚಿಹೋದಾಗ, ಬಳಕೆದಾರರು ಏಳು ವಾರಗಳಲ್ಲಿ 1,00,000 ಯೂರೊ ಸಂಗ್ರಹಿಸಿ ಅದರ ಮೂಲಸಂಕೇತವನ್ನು ಬಿಡಿಸಿಕೊಂಡರು. ಆ ವರ್ಷದ ಅಕ್ಟೋಬರ್‌ನಿಂದ ಬ್ಲೆಂಡರ್ ಮುಕ್ತ ತಂತ್ರಾಂಶವಾಗಿದೆ. ಸಾಧಾರಣ ಗಣಕಯಂತ್ರವೊಂದಿದ್ದರೆ ಪರವಾನಗಿ ಶುಲ್ಕವಿಲ್ಲದೆ ಈ ಕೆಲಸವನ್ನು ಕಲಿಯಬಹುದಾಗಿರುವುದು ಇದರ ಫಲ.

ಪರಿಭಾಷೆ

ಮೆಶ್ (ಜಾಲಾಕೃತಿ): ಶೃಂಗ, ಅಂಚು ಮತ್ತು ಮುಖಗಳಿಂದ ಹೆಣೆದ ಮೂರು ಆಯಾಮದ ಆಕಾರ. ಆಟದ ಒಳಗೆ ಪ್ರತಿಯೊಂದು ಮುಖವೂ ಕೊನೆಗೆ ತ್ರಿಕೋನಗಳಾಗಿ ಒಡೆಯುತ್ತದೆ.

ಟೆಕ್ಸ್ಚರ್ (ಮೇಲ್ಮೈಚಿತ್ರ): ಜಾಲಾಕೃತಿಗೆ ಹೊದಿಸುವ ಚಿತ್ರ. ಬಣ್ಣ, ಗೀರು, ತುಕ್ಕು, ಹೊಳಪು ಮುಂತಾದವು ಇದರಿಂದ ಒದಗುತ್ತವೆ.

ಯುವಿ ಬಿಡಿಸುವಿಕೆ: ಮೂರು ಆಯಾಮದ ಮೇಲ್ಮೈಯನ್ನು ಸಮತಲವಾಗಿ ಹರಡುವ ಕ್ರಮ. ರಟ್ಟಿನ ಪೆಟ್ಟಿಗೆಯ ಅಂಚುಗಳನ್ನು ಬಿಡಿಸಿ ನೆಲದ ಮೇಲೆ ಹಾಸುವುದಕ್ಕೆ ಇದನ್ನು ಹೋಲಿಸಬಹುದು.

ನಾರ್ಮಲ್ ಮ್ಯಾಪ್: ಸಮತಟ್ಟಾದ ಮೇಲ್ಮೈಯಲ್ಲಿ ಉಬ್ಬುತಗ್ಗುಗಳ ಭ್ರಮೆಯನ್ನು ಉಂಟುಮಾಡುವ ಚಿತ್ರ. ಬೆಳಕು ಯಾವ ದಿಕ್ಕಿಗೆ ಪ್ರತಿಫಲಿಸಬೇಕೆಂಬ ಮಾಹಿತಿ ಇದರ ಬಣ್ಣಗಳಲ್ಲಿ ಅಡಗಿರುತ್ತದೆ.

ಗ್ಲೋ ಮ್ಯಾಪ್: ಕತ್ತಲೆಯಲ್ಲಿಯೂ ತಾನಾಗಿ ಬೆಳಗುವಂತೆ ತೋರಬೇಕಾದ ಭಾಗಗಳನ್ನು ಗುರುತಿಸುವ ಚಿತ್ರ.

ಡಿಕ್ಕಿ ಕವಚ: ಕೆಳಗೆ ಬಿದ್ದ ಆಯುಧ ನೆಲದ ಮೇಲೆ ನಿಲ್ಲಲು, ಉರುಳಲು ಬೇಕಾದ ಸರಳ ಅದೃಶ್ಯ ಆಕಾರ.

ರಚನೆಯ ಹಂತಗಳು

ಕೆಲಸವು ಸಾಮಾನ್ಯವಾಗಿ ರೇಖಾಚಿತ್ರದಿಂದ ಆರಂಭವಾಗುತ್ತದೆ. ಆಯುಧದ ಪಕ್ಕನೋಟ ಮತ್ತು ಮೇಲುನೋಟಗಳನ್ನು ಬರೆದು, ಅವುಗಳನ್ನು ಹಿನ್ನೆಲೆಯಲ್ಲಿರಿಸಿ ಬ್ಲೆಂಡರ್‌ನಲ್ಲಿ ಸ್ಥೂಲವಾದ ಆಕಾರವನ್ನು ಕಟ್ಟಲಾಗುತ್ತದೆ. ಈ ಹಂತದಲ್ಲಿ ಅಳತೆಯೇ ಮುಖ್ಯ. ಸ್ಕೈರಿಮ್ ಆಟದಲ್ಲಿ ಸುಮಾರು 70 ಮಾನಗಳು ಒಂದು ಮೀಟರಿಗೆ ಸಮ. ಇದನ್ನು ಗಮನಿಸದೆ ರಚಿಸಿದ ಬಂದೂಕು ಪಾತ್ರದ ಕೈಯಲ್ಲಿ ಒನಕೆಯಂತೆಯೋ ಕಡ್ಡಿಯಂತೆಯೋ ಕಾಣಿಸಬಹುದು.

ಬಳಿಕ ಎರಡು ಜಾಲಾಕೃತಿಗಳು ಸಿದ್ಧವಾಗುತ್ತವೆ. ಒಂದರಲ್ಲಿ ತಿರುಪು, ಗಾಡಿ, ಕೊರೆತಗಳೆಲ್ಲವೂ ಸೂಕ್ಷ್ಮವಾಗಿ ಮೂಡಿರುತ್ತವೆ. ಇದರಲ್ಲಿ ಲಕ್ಷಗಟ್ಟಲೆ ತ್ರಿಕೋನಗಳಿದ್ದರೂ ಅಡ್ಡಿಯಿಲ್ಲ. ಇನ್ನೊಂದು ಆಟದಲ್ಲಿ ನಿಜವಾಗಿ ಬಳಕೆಯಾಗುವ ಹಗುರ ರೂಪ. ಇದಕ್ಕೆ ಕೆಲವು ಸಾವಿರ ತ್ರಿಕೋನಗಳು ಸಾಕು. ಮೊದಲನೆಯದರ ಸೂಕ್ಷ್ಮ ವಿವರಗಳನ್ನು ಎರಡನೆಯದರ ನಾರ್ಮಲ್ ಮ್ಯಾಪಿಗೆ ಇಳಿಸುವ ಕ್ರಿಯೆಗೆ 'ಬೇಕಿಂಗ್' ಎಂದು ಹೆಸರು. ಹೀಗೆ ಗಣಕಯಂತ್ರದ ಮೇಲಿನ ಹೊರೆ ಹೆಚ್ಚದೆ ವಿವರಗಳು ಉಳಿಯುತ್ತವೆ.

ಮೇಲ್ಮೈಚಿತ್ರಗಳನ್ನು ಗಿಂಪ್, ಕ್ರಿಟ ಮುಂತಾದ ಮುಕ್ತ ತಂತ್ರಾಂಶಗಳಲ್ಲಿ ಬಿಡಿಸಬಹುದು. ಅವುಗಳ ಉದ್ದ ಅಗಲಗಳು 512, 1024, 2048 ಹೀಗೆ ಎರಡರ ಘಾತಗಳಲ್ಲಿರುವುದು ವಾಡಿಕೆ. ಸ್ಕೈರಿಮ್‌ಗಾಗಿ ಅವುಗಳನ್ನು 'ಡಿಡಿಎಸ್' ಕಡತಗಳಾಗಿಯೂ ಜಾಲಾಕೃತಿಯನ್ನು 'ನಿಫ್' ಕಡತವಾಗಿಯೂ ಉಳಿಸಬೇಕು. ನಿಫ್ ಕಡತದ ಒಂದು ಬಿಡಿ ಆಕೃತಿಯಲ್ಲಿ 65,535ಕ್ಕಿಂತ ಹೆಚ್ಚು ಶೃಂಗಗಳಿರುವಂತಿಲ್ಲ. 'ನಿಫ್‌ಸ್ಕೋಪ್' ಎಂಬ ಉಚಿತ ಸಲಕರಣೆಯಲ್ಲಿ ಈ ಕಡತವನ್ನು ತೆರೆದು, ಮೇಲ್ಮೈಚಿತ್ರಗಳ ದಾರಿ, ಡಿಕ್ಕಿ ಕವಚ ಹಾಗೂ ಆಯುಧವನ್ನು ಸೊಂಟದಲ್ಲಿ ಸಿಕ್ಕಿಸಬೇಕೋ ಬೆನ್ನಿಗೆ ಏರಿಸಬೇಕೋ ಎಂಬ ಸೂಚನೆಯನ್ನು ಸರಿಪಡಿಸಲಾಗುತ್ತದೆ.

ಕೊನೆಯ ಹಂತ ನೋಂದಣಿ. ಕ್ರಿಯೇಷನ್ ಕಿಟ್‌ನಲ್ಲಿ ಆಯುಧದ ಹೆಸರು, ತೂಕ, ಬೆಲೆ, ಹಾನಿಯ ಪ್ರಮಾಣಗಳನ್ನು ನಮೂದಿಸಿ, ಅದು ಯಾವ ಬಗೆಯ ಆಯುಧವೆಂದು ಆರಿಸಬೇಕು. ಪಾತ್ರದ ಕಣ್ಣಿನಿಂದ ಕಾಣುವ ನೋಟಕ್ಕೆ ಪ್ರತ್ಯೇಕ ಮಾದರಿಯನ್ನು ಸೂಚಿಸಬೇಕಾಗುತ್ತದೆ. ಇದನ್ನು ಮರೆತರೆ ದೂರದಿಂದ ಸರಿಯಾಗಿ ತೋರುವ ಆಯುಧವು ಆ ನೋಟದಲ್ಲಿ ಕೈಯಿಂದ ಮಾಯವಾಗುತ್ತದೆ. ಆಟದಲ್ಲಿರುವ ಹಳೆಯ ಆಯುಧದ ರೂಪವನ್ನಷ್ಟೇ ಬದಲಿಸುವ ಮಾಡ್‌ಗಳಿಗೆ ಈ ಹಂತದ ಅಗತ್ಯವಿಲ್ಲ. ಅವು ಹಳೆಯ ಕಡತದ ಹೆಸರಿನಲ್ಲಿಯೇ ಹೊಸ ಕಡತವನ್ನು ಇರಿಸುತ್ತವೆ.

ಅದ್ಭುತರಮ್ಯ ಆಟಕ್ಕೆ ಒಗ್ಗಿಸುವಿಕೆ

ಕತ್ತಿ, ಕಿರುಗತ್ತಿ, ಕೊಡಲಿ, ಗದೆ, ಎರಡು ಕೈಗಳ ಆಯುಧಗಳು, ಬಿಲ್ಲು, ದಂಡ: ಇವು ಸ್ಕೈರಿಮ್ ಮೂಲತಃ ಬಲ್ಲ ಆಯುಧವರ್ಗಗಳು. 2012ರ 'ಡಾನ್‌ಗಾರ್ಡ್' ವಿಸ್ತರಣೆಯೊಂದಿಗೆ ಅಡ್ಡಬಿಲ್ಲು ಸೇರಿತು. ಬಂದೂಕಿನ ವರ್ಗ ಅದರಲ್ಲಿ ಇಲ್ಲ. ಆದುದರಿಂದ ಪ್ರತಿಯೊಂದು ವೈಜ್ಞಾನಿಕ ಕಲ್ಪನೆಯ ಆಯುಧವೂ ಈ ವರ್ಗಗಳಲ್ಲೊಂದರ ವೇಷವಾಗಿಯೇ ಆಟವನ್ನು ಪ್ರವೇಶಿಸಬೇಕು.

ಬೆಳಕಿನ ಕತ್ತಿ ಇವುಗಳಲ್ಲಿ ಸುಲಭವಾದದ್ದು. 1977ರಲ್ಲಿ ಆರಂಭವಾದ 'ಸ್ಟಾರ್ ವಾರ್ಸ್' ಚಿತ್ರಸರಣಿಯಿಂದ ಪ್ರಸಿದ್ಧವಾದ ಈ ಆಯುಧವನ್ನು ಬೀಸುವ ಕ್ರಮ ಸಾಮಾನ್ಯ ಕತ್ತಿಯದೇ ಆಗಿದೆ. ಅಲಗಿನ ಸ್ಥಾನದಲ್ಲಿ ಸಪೂರವಾದ ಸಿಲಿಂಡರನ್ನಿರಿಸಿ ಗ್ಲೋ ಮ್ಯಾಪ್ ಹೊದಿಸಿದರೆ ಅದು ಬೆಳಗುತ್ತದೆ. ಆದರೆ ಈ ಹೊಳಪು ಸುತ್ತಲಿನ ಗೋಡೆಯ ಮೇಲೆ ಬೆಳಕನ್ನು ಚೆಲ್ಲುವುದಿಲ್ಲ. ಅದಕ್ಕಾಗಿ ಪ್ರತ್ಯೇಕ ಬೆಳಕಿನ ಮೂಲವನ್ನು ಜೋಡಿಸಬೇಕು. ಕತ್ತಿಯೊಡನೆ ಬರುವ ಒರೆಯನ್ನೂ ತೆಗೆಯಬೇಕಾಗುತ್ತದೆ.

ಬಂದೂಕಿಗೆ ಅಡ್ಡಬಿಲ್ಲಿನ ವರ್ಗ ಹತ್ತಿರದ್ದು. ಕುದುರೆ ಎಳೆದು ಹಾರಿಸುವ ಭಂಗಿ ಎರಡಕ್ಕೂ ಸಮಾನ. ತೊಡಕು ಇರುವುದು ಮರುತುಂಬುವಿಕೆಯಲ್ಲಿ: ಅಡ್ಡಬಿಲ್ಲಿನ ಹೆದೆಯನ್ನು ಎಳೆಯುವ ಚಲನೆ ಬಂದೂಕಿನ ಮೇಲೂ ನಡೆಯುತ್ತದೆ, ಇಲ್ಲದ ಹೆದೆಯನ್ನು ಪಾತ್ರ ಎಳೆಯುತ್ತಿರುವಂತೆ ತೋರುತ್ತದೆ. ಕೆಲವರು ಚಲನೆಯನ್ನೇ ಹೊಸದಾಗಿ ರಚಿಸಿ ಈ ದೋಷವನ್ನು ನೀಗಿಸುತ್ತಾರೆ. ಇನ್ನು ಕೆಲವರು ಆ ಚಲನೆಗೆ ಅರ್ಥ ಬರುವಂತೆ ಬಂದೂಕಿನ ಮೇಲೆ ಎಳೆಯುವ ಹಿಡಿಕೆಯೊಂದನ್ನು ರೂಪಿಸುತ್ತಾರೆ. ಎರಡನೆಯ ಮಾರ್ಗದಲ್ಲಿ ಆಟದ ಮಿತಿಯೇ ಆಯುಧದ ಆಕಾರವನ್ನು ನಿರ್ಧರಿಸುತ್ತದೆ.

ಕಿರಣಾಯುಧಗಳಿಗೆ ಮಂತ್ರದಂಡವೇ ಸೂಕ್ತ ಆಧಾರ. ಆಟದ ಮಂತ್ರವ್ಯವಸ್ಥೆಯಲ್ಲಿ ಬಾಣದಂತೆ ಹಾರುವ, ಜ್ವಾಲೆಯಂತೆ ಹರಡುವ, ಗೆರೆಯಂತೆ ನೇರವಾಗಿ ತಾಗುವ ಕ್ಷೇಪಕಗಳು ಮೊದಲೇ ಇವೆ. ಮಿಂಚಿನ ಮಂತ್ರದ ಗೆರೆಗೆ ಬಣ್ಣ ಬದಲಿಸಿದರೆ ಅದು ಲೇಸರ್ ಕಿರಣವಾಗುತ್ತದೆ. ದಂಡದಲ್ಲಿ ತೀರಿಹೋಗುವ ಮಂತ್ರಶಕ್ತಿಯು ವಿದ್ಯುತ್ಕೋಶದ ಸ್ಥಾನವನ್ನು ತುಂಬುತ್ತದೆ.

ಮೈನ್‌ಕ್ರಾಫ್ಟ್ ಆಟದ ಕ್ರಮ

ಮೋಜಾಂಗ್ ಸಂಸ್ಥೆಯ 'ಮೈನ್‌ಕ್ರಾಫ್ಟ್' ಆಟದಲ್ಲಿ ಈ ಕೆಲಸವು ಮತ್ತಷ್ಟು ಸರಳ. ಅದರ ಜಾವಾ ಆವೃತ್ತಿಯಲ್ಲಿ ವಸ್ತುಗಳ ಮಾದರಿಗಳು ಪಠ್ಯರೂಪದ ಕಡತಗಳಲ್ಲಿರುತ್ತವೆ. ಅವು ಘನಾಕೃತಿಗಳನ್ನು ಜೋಡಿಸಿ ಕಟ್ಟಿದವು. ಮೂಲ ಚಿತ್ರಗಳ ಅಳತೆ 16×16 ಬಿಂದುಗಳು. ಬಹುಕಾಲ ಈ ಘನಾಕೃತಿಗಳನ್ನು 22.5 ಡಿಗ್ರಿಯ ಮೆಟ್ಟಿಲುಗಳಲ್ಲಿ ಮಾತ್ರ ಓರೆಯಾಗಿಸಬಹುದಾಗಿತ್ತು. 2019ರ 1.14ನೆಯ ಆವೃತ್ತಿಯಿಂದ ಒಂದೇ ವಸ್ತುವಿಗೆ ಸಂಖ್ಯೆಯ ಗುರುತು ನೀಡಿ ಹಲವು ಮಾದರಿಗಳನ್ನು ತೊಡಿಸುವ ಅನುಕೂಲ ದೊರೆಯಿತು. 'ಬ್ಲಾಕ್‌ಬೆಂಚ್' ಎಂಬ ಉಚಿತ ಸಲಕರಣೆ ಈ ಕೆಲಸಕ್ಕೆ ಬಳಕೆಯಲ್ಲಿದೆ. ಹೆಚ್ಚಿನ ಸಾಮರ್ಥ್ಯದ ಗಣಕಯಂತ್ರ ಬೇಡವಾದುದರಿಂದ ಆರಂಭಿಕ ಕಲಿಕೆಗೆ ಇದು ಅನುಕೂಲಕರ.

ರೂಪದ ಆಕರಗಳು

ಕಾಲ್ಪನಿಕ ಆಯುಧವೂ ನೋಡುಗನಿಗೆ ಪರಿಚಿತವಾದ ಯಾವುದೋ ವಸ್ತುವನ್ನು ನೆನಪಿಸಿದಾಗಲೇ ನಂಬಲರ್ಹವಾಗುತ್ತದೆ. ಆದುದರಿಂದ ರಚನಕಾರರು ವಸ್ತುಸಂಗ್ರಹಾಲಯದ ಆಯುಧಗಳನ್ನೂ ದಿನಬಳಕೆಯ ಉಪಕರಣಗಳನ್ನೂ ಆಕರವಾಗಿ ಬಳಸುತ್ತಾರೆ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಸಂಸ್ಥೆಯ 'ರಾಜಿ: ಆನ್ ಏನ್ಷಿಯಂಟ್ ಎಪಿಕ್' (2020) ಆಟದಲ್ಲಿ ನಾಯಕಿಗೆ ತ್ರಿಶೂಲ, ಬಿಲ್ಲು ಮುಂತಾದ ಪುರಾಣಪ್ರಸಿದ್ಧ ಆಯುಧಗಳು ದೊರೆಯುತ್ತವೆ. ಪುಣೆಯದೇ ಆದ ಸೂಪರ್‌ಗೇಮಿಂಗ್ ಸಂಸ್ಥೆಯ 'ಇಂಡಸ್' (2024) ಆಟವು ಭಾರತೀಯ ರೂಪಗಳನ್ನು ಭವಿಷ್ಯದ ಕಲ್ಪನೆಯೊಂದಿಗೆ ಬೆರೆಸಿದೆ.

ಕರ್ನಾಟಕದಲ್ಲಿ ಇಂತಹ ಆಕರಗಳಿಗೆ ಕೊರತೆಯಿಲ್ಲ. ದಾವಣಗೆರೆ ಜಿಲ್ಲೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 1997ರಲ್ಲಿ ಈ ಜಿಲ್ಲೆ ರಚನೆಯಾಗುವ ಮುನ್ನ ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಗೂ ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದವು. ನ್ಯಾಮತಿ ಆಗ ಹೊನ್ನಾಳಿ ತಾಲ್ಲೂಕಿನ ಭಾಗವಾಗಿತ್ತು. ಆದುದರಿಂದ ಬಿ. ಎಲ್. ರೈಸ್ ಅವರು ಸಂಪಾದಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದಲ್ಲಿ ಹೊನ್ನಾಳಿ, ಚನ್ನಗಿರಿ ಭಾಗದ ಶಾಸನಗಳು 7ನೆಯ ಸಂಪುಟದಲ್ಲಿಯೂ (1902) ಜಗಳೂರು ಭಾಗದವು 11ನೆಯ ಸಂಪುಟದಲ್ಲಿಯೂ ದೊರೆಯುತ್ತವೆ. ಈ ಶಾಸನಗಳಲ್ಲಿ ವೀರಗಲ್ಲುಗಳೂ ಸೇರಿವೆ. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಸಾಮಾನ್ಯವಾಗಿ ಕಾಳಗದ ದೃಶ್ಯವಿರುತ್ತದೆ. ಕತ್ತಿಯ ಬಾಗು, ಗುರಾಣಿಯ ಅಳತೆ, ಬಿಲ್ಲು ಹಿಡಿದ ಕೈಯ ಭಂಗಿ ಇವೆಲ್ಲವನ್ನೂ ಅಲ್ಲಿ ಗಮನಿಸಬಹುದು. ಹಲವು ಕೋನಗಳಿಂದ ತೆಗೆದ ಛಾಯಾಚಿತ್ರಗಳನ್ನು ಕೂಡಿಸಿ ಮೂರು ಆಯಾಮದ ಆಕಾರವನ್ನು ಪಡೆಯುವ 'ಫೋಟೊಗ್ರಾಮೆಟ್ರಿ' ವಿಧಾನಕ್ಕೆ 'ಮೆಶ್‌ರೂಮ್'ನಂತಹ ಮುಕ್ತ ತಂತ್ರಾಂಶಗಳಿವೆ. ಕೆತ್ತನೆ ಎದ್ದು ಕಾಣಲೆಂದು ಕಲ್ಲಿಗೆ ಎಣ್ಣೆ, ಸುಣ್ಣ, ಸೀಮೆಸುಣ್ಣಗಳನ್ನು ಬಳಿಯುವುದರಿಂದ ಕಲ್ಲಿಗೆ ಹಾನಿಯಾಗುತ್ತದೆ. ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ವಿವರಗಳನ್ನು ಗುರುತಿಸುವುದು ಸರಿಯಾದ ಕ್ರಮ.

ಕೃಷಿ ಉಪಕರಣಗಳೂ ಇದೇ ಬಗೆಯಲ್ಲಿ ಒದಗುತ್ತವೆ. ಚನ್ನಗಿರಿ ಭಾಗದ ತೋಟಗಳಲ್ಲಿ ಅಡಿಕೆ ಗೊನೆ ಕೊಯ್ಯಲು ಬಳಸುವ, ತುದಿಗೆ ಕತ್ತಿ ಕಟ್ಟಿದ ಉದ್ದನೆಯ ದೋಟಿ, ಅಡಿಕೆ ಸುಲಿಯುವ ಮೆಟ್ಟುಗತ್ತಿ, ಜಗಳೂರಿನಂತಹ ಬಯಲುಸೀಮೆಯ ಹೊಲಗಳ ಕೂರಿಗೆ ಇವುಗಳ ರಚನೆ ಗಮನಾರ್ಹ. ಕೂರಿಗೆಯ ಬೀಜದ ಬಟ್ಟಲಿನಿಂದ ಕವಲೊಡೆದು ಇಳಿಯುವ ಕೊಳವೆಗಳ ಜೋಡಣೆಯು ಹಲವು ನಳಿಗೆಗಳ ಬಂದೂಕಿಗೆ ಸಹಜವಾದ ವಿನ್ಯಾಸವನ್ನು ನೀಡಬಲ್ಲದು. ಕೈಯಲ್ಲಿ ಹಿಡಿದು ದುಡಿದ ಉಪಕರಣದ ತೂಕ ಎಲ್ಲಿ ನಿಲ್ಲುತ್ತದೆ, ಹಿಡಿಯ ಯಾವ ಭಾಗ ಸವೆಯುತ್ತದೆ ಎಂಬ ತಿಳಿವಳಿಕೆ ಮೇಲ್ಮೈಚಿತ್ರದ ಗೀರು, ಹೊಳಪುಗಳನ್ನು ಸರಿಯಾದ ಜಾಗದಲ್ಲಿ ಬಿಡಿಸಲು ನೆರವಾಗುತ್ತದೆ.

ಕರ್ನಾಟಕದಲ್ಲಿ ಗೇಮ್ ಕಲೆ

ಕರ್ನಾಟಕದಲ್ಲಿ ಈ ಕಲೆಯು ಹವ್ಯಾಸವಾಗಿ ಮಾತ್ರವಲ್ಲದೆ ಉದ್ಯೋಗವಾಗಿಯೂ ಬೆಳೆದಿದೆ. ರಾಜೇಶ್ ರಾವ್ ಅವರು 1997ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಸಂಸ್ಥೆಯು ಭಾರತದ ಮೊದಲ ಗೇಮ್ ಸಂಸ್ಥೆಗಳಲ್ಲಿ ಒಂದು. ವಿದೇಶೀ ಆಟಗಳಿಗೆ ಕಾರು, ಕಟ್ಟಡ, ಪಾತ್ರ ಮುಂತಾದವುಗಳ ಮಾದರಿಗಳನ್ನು ರಚಿಸಿಕೊಡುವುದು ಅದರ ಮುಖ್ಯ ಕೆಲಸವಾಗಿತ್ತು. 'ಫೋರ್ಜಾ' ಸರಣಿಗೂ ಅದು ದುಡಿದಿದೆ. 2017ರಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಅದರ ಒಡೆತನ ಪಡೆಯಿತು. 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಅದನ್ನು 79 ಲಕ್ಷ ಅಮೆರಿಕನ್ ಡಾಲರಿಗೆ ಕೊಂಡು ತನ್ನ ಬೆಂಗಳೂರಿನ ಶಾಖೆಯೊಂದಿಗೆ ವಿಲೀನಗೊಳಿಸಿತು. ಬೆಂಗಳೂರಿನ ಎನ್‌ಕೋರ್ ಗೇಮ್ಸ್ ಸಂಸ್ಥೆಯ 'ಫೌಜಿ' 2021ರ ಜನವರಿ 26ರಂದು ಬಿಡುಗಡೆಯಾಯಿತು.

ಕರ್ನಾಟಕ ಸರ್ಕಾರವು 2012ರಲ್ಲಿ ಅನಿಮೇಷನ್, ದೃಶ್ಯಪರಿಣಾಮ, ಗೇಮಿಂಗ್ ಮತ್ತು ಕಾಮಿಕ್ಸ್ ಕ್ಷೇತ್ರಗಳಿಗಾಗಿ ನೀತಿಯೊಂದನ್ನು ಪ್ರಕಟಿಸಿತು. ಇದು ದೇಶದಲ್ಲಿಯೇ ಇಂತಹ ಮೊದಲ ರಾಜ್ಯನೀತಿ. 2017–22 ಹಾಗೂ 2024–29ರ ಅವಧಿಗಳಿಗೆ ಹೊಸ ನೀತಿಗಳು ಬಂದವು. ಉದ್ಯೋಗಗಳು ಮಾತ್ರ ಬಹುಪಾಲು ಬೆಂಗಳೂರಿನಲ್ಲಿಯೇ ಕೇಂದ್ರೀಕೃತವಾಗಿವೆ. ತಾಲ್ಲೂಕು ಕೇಂದ್ರಗಳ ವಿದ್ಯಾರ್ಥಿಗಳಿಗೆ ಸಮೀಪದಲ್ಲಿರುವುದು ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದಂತಹ ಸಂಸ್ಥೆಗಳು. ಚಿತ್ರ ಮತ್ತು ಶಿಲ್ಪಗಳ ಶಿಕ್ಷಣದಲ್ಲಿ ದೊರೆಯುವ ಪ್ರಮಾಣ, ನೆರಳು, ಘನತೆಗಳ ಅಭ್ಯಾಸವು ಮೂರು ಆಯಾಮದ ರಚನೆಗೂ ಅಡಿಪಾಯ. ಈ ಕ್ಷೇತ್ರದಲ್ಲಿ ಕೆಲಸ ಕೋರುವವರ ಕೃತಿಸಂಪುಟವನ್ನು ನೋಡುವುದು ರೂಢಿಯಾದುದರಿಂದ, ಹವ್ಯಾಸಕ್ಕೆಂದು ರಚಿಸಿದ ಆಯುಧ ಮಾದರಿಯೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ.

ಹಕ್ಕುಸ್ವಾಮ್ಯ ಮತ್ತು ಮನ್ನಣೆ

ಭಾರತದ ಹಕ್ಕುಸ್ವಾಮ್ಯ ಕಾಯಿದೆ, 1957ರ ಪ್ರಕಾರ ಸ್ವಂತವಾಗಿ ರಚಿಸಿದ ಕಲಾಕೃತಿಯ ಮೊದಲ ಒಡೆಯ ಅದರ ಕರ್ತೃವೇ (17ನೆಯ ಪ್ರಕರಣ). ಸಂಬಳದ ನೌಕರಿಯ ಭಾಗವಾಗಿ ರಚಿಸಿದ ಕೃತಿಯ ಒಡೆತನವು, ಬೇರೆ ಒಪ್ಪಂದವಿಲ್ಲದಿದ್ದರೆ, ನೌಕರಿ ಕೊಟ್ಟವರದು. ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು. ಅವಧಿಯನ್ನು ನಮೂದಿಸದಿದ್ದರೆ ಅದನ್ನು 5 ವರ್ಷವೆಂದೂ ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಭಾವಿಸಲಾಗುತ್ತದೆ (19ನೆಯ ಪ್ರಕರಣ). ಹಕ್ಕನ್ನು ವರ್ಗಾಯಿಸಿದ ಬಳಿಕವೂ ತಾನೇ ಕರ್ತೃವೆಂದು ಹೇಳಿಕೊಳ್ಳುವ ಅಧಿಕಾರ ಉಳಿಯುತ್ತದೆ (57ನೆಯ ಪ್ರಕರಣ). ರಕ್ಷಣೆಯ ಅವಧಿ ಕರ್ತೃವಿನ ಜೀವಿತಾವಧಿ ಮತ್ತು ಅನಂತರದ 60 ವರ್ಷಗಳು.

ಮಾಡ್‌ಗಳ ವಿಷಯದಲ್ಲಿ ಈ ಹಕ್ಕು ಇಬ್ಬಗೆಯದಾಗುತ್ತದೆ. ಜಾಲಾಕೃತಿ ಮತ್ತು ಚಿತ್ರಗಳು ರಚನಕಾರನವಾದರೂ ಅವು ಜೀವ ತಳೆಯುವುದು ಇನ್ನೊಬ್ಬರ ಆಟದಲ್ಲಿ. ಆಟದ ಸಲಕರಣೆಗಳನ್ನು ಬಳಸುವಾಗ ಒಪ್ಪಬೇಕಾದ ಪರವಾನಗಿಯು ಮಾರಾಟದ ಮೇಲೆ ನಿರ್ಬಂಧ ಹೇರಬಹುದು. ಚಲನಚಿತ್ರವೊಂದರ ಪ್ರಸಿದ್ಧ ಆಯುಧವನ್ನು ಹೋಲುವ ಮಾದರಿಯಲ್ಲಿ ಮೂರನೆಯವರ ಹಕ್ಕೂ ಸೇರಿಕೊಳ್ಳುತ್ತದೆ. ಬೇರೊಂದು ಆಟದಿಂದ ಹೊರತೆಗೆದ ಮಾದರಿಯನ್ನು ಅನುಮತಿಯಿಲ್ಲದೆ ಹಂಚುವುದನ್ನು ನೆಕ್ಸಸ್ ಮಾಡ್ಸ್ ಮೊದಲಾದ ಹಂಚಿಕೆಯ ತಾಣಗಳು ನಿಷೇಧಿಸಿವೆ.

ಗಳಿಕೆಯ ಪ್ರಶ್ನೆ 2015ರಲ್ಲಿ ತೀವ್ರವಾಗಿ ಎದ್ದಿತು. ವಾಲ್ವ್ ಮತ್ತು ಬೆಥೆಸ್ಡ ಸಂಸ್ಥೆಗಳು ಆ ವರ್ಷದ ಏಪ್ರಿಲ್ 23ರಂದು ಸ್ಕೈರಿಮ್ ಮಾಡ್‌ಗಳ ಮಾರಾಟಕ್ಕೆ ಅವಕಾಶ ನೀಡಿದವು. ಬೆಲೆಯಲ್ಲಿ ರಚನಕಾರನಿಗೆ ಶೇಕಡ 25, ವಾಲ್ವ್‌ಗೆ ಶೇಕಡ 30, ಬೆಥೆಸ್ಡಕ್ಕೆ ಶೇಕಡ 45 ಎಂದು ಹಂಚಿಕೆಯಾಗಿತ್ತು. ಆಟಗಾರರ ತೀವ್ರ ವಿರೋಧದಿಂದಾಗಿ ಏಪ್ರಿಲ್ 27ರಂದು ಈ ಯೋಜನೆಯನ್ನು ಹಿಂತೆಗೆದುಕೊಳ್ಳಲಾಯಿತು. ಉಚಿತ ವಿನಿಮಯದಿಂದ ಬೆಳೆದ ಸಮುದಾಯಕ್ಕೆ ಮಾರಾಟವು ಧಕ್ಕೆ ತರುತ್ತದೆ ಎಂಬುದು ವಿರೋಧಿಗಳ ವಾದವಾಗಿತ್ತು. ನೂರಾರು ಗಂಟೆಗಳ ದುಡಿಮೆಗೆ ಪ್ರತಿಫಲ ಬೇಡವೆ ಎಂಬುದು ಕೆಲವು ರಚನಕಾರರ ಪ್ರಶ್ನೆಯಾಗಿತ್ತು. 2017ರಲ್ಲಿ ಬೆಥೆಸ್ಡವು 'ಕ್ರಿಯೇಷನ್ ಕ್ಲಬ್' ಎಂಬ ಬೇರೆ ವ್ಯವಸ್ಥೆಯ ಮೂಲಕ ಆಯ್ದ ರಚನಕಾರರಿಗೆ ಹಣ ನೀಡಲಾರಂಭಿಸಿತು.

ಹೊರಗುತ್ತಿಗೆಯ ಕಲಾವಿದನ ಸ್ಥಿತಿ ಇದಕ್ಕಿಂತ ಭಿನ್ನ. ಅವನಿಗೆ ಸಂಬಳ ದೊರೆಯುತ್ತದೆ. ಆದರೆ ತಾನು ರೂಪಿಸಿದ ಆಯುಧ ತನ್ನದೆಂದು ತೋರಿಸಲು ಗೋಪ್ಯತೆಯ ಕರಾರು ಅಡ್ಡಿಯಾಗಬಹುದು. ಮಾಡರ್‌ಗೆ ಹೆಸರಿದೆ, ಹಣವಿಲ್ಲ. ಹೊರಗುತ್ತಿಗೆಯವನಿಗೆ ಹಣವಿದೆ, ಹೆಸರು ಅನಿಶ್ಚಿತ. ಆದುದರಿಂದ ರಚನೆಯ ದಿನಾಂಕಸಹಿತ ಮೂಲಕಡತಗಳನ್ನು ಕಾಪಾಡಿಕೊಳ್ಳುವುದು, ಹಂಚುವಾಗ ಪರವಾನಗಿಯ ಷರತ್ತನ್ನು ಸ್ಪಷ್ಟವಾಗಿ ಬರೆಯುವುದು, ಕರಾರಿಗೆ ಸಹಿ ಹಾಕುವ ಮುನ್ನ ಹಕ್ಕಿನ ವರ್ಗಾವಣೆಯ ಭಾಗವನ್ನು ಓದುವುದು ಇಬ್ಬರಿಗೂ ಪ್ರಯೋಜನಕಾರಿ.

ಮಿತಿಗಳು

ಎಲ್ಲ ಆಟಗಳೂ ಇಂತಹ ಸೇರ್ಪಡೆಗೆ ಅವಕಾಶ ನೀಡುವುದಿಲ್ಲ. ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾದಂತಹ ಸ್ಪರ್ಧಾತ್ಮಕ ಆಟಗಳಲ್ಲಿ ಕಡತಗಳನ್ನು ತಿದ್ದುವುದು ನಿಯಮಬಾಹಿರ; ಹಾಗೆ ಮಾಡಿದವರ ಖಾತೆ ರದ್ದಾಗಬಹುದು. ಅಪರಿಚಿತ ಮೂಲಗಳಿಂದ ಪಡೆದ ತಿದ್ದಿದ ಆ್ಯಪ್‌ಗಳಲ್ಲಿ ಕುತಂತ್ರಾಂಶಗಳು ಅಡಗಿರುವ ಅಪಾಯವೂ ಇದೆ.

ಕಲಾದೃಷ್ಟಿಯ ಆಕ್ಷೇಪವೂ ಒಂದಿದೆ. ಮಂತ್ರಲೋಕದಲ್ಲಿ ಬಂದೂಕು ಕಾಣಿಸಿಕೊಂಡರೆ ಆ ಲೋಕದ ಏಕತೆ ಭಂಗಗೊಳ್ಳುತ್ತದೆ ಎನ್ನುವವರಿದ್ದಾರೆ. ಇದಕ್ಕೆ ಉತ್ತರವಾಗಿ ಹಲವು ರಚನಕಾರರು ಆಯುಧಕ್ಕೆ ಆ ಲೋಕದ್ದೇ ಲೋಹ, ಕೆತ್ತನೆಗಳನ್ನು ನೀಡುತ್ತಾರೆ. ಸ್ಕೈರಿಮ್ ಆಟದಲ್ಲಿ ಹಬೆಯಂತ್ರಗಳನ್ನು ಕಟ್ಟಿ ಅಳಿದುಹೋದ ಡ್ವೆಮರ್ ಎಂಬ ಕಾಲ್ಪನಿಕ ಜನಾಂಗವಿದೆ. ಕಿರಣಬಂದೂಕನ್ನು ಅವರ ಹಿತ್ತಾಳೆಯಂತಹ ಲೋಹದಲ್ಲಿ ರೂಪಿಸಿ, ಅವರ ಪಾಳುನಗರವೊಂದರಲ್ಲಿ ಇರಿಸಿದರೆ, ಹೊರಗಿನಿಂದ ಬಂದ ಆಯುಧವೂ ಆ ನೆಲದಲ್ಲಿಯೇ ದೊರೆತದ್ದರಂತೆ ಒಪ್ಪುತ್ತದೆ.

ಇವನ್ನೂ ನೋಡಿ

ಬ್ಲೆಂಡರ್ (ತಂತ್ರಾಂಶ)
ವೀರಗಲ್ಲು
ಹಕ್ಕುಸ್ವಾಮ್ಯ
ದಾವಣಗೆರೆ ಜಿಲ್ಲೆ